ಶಾಂತಿಪ್ರಾರ್ಥನೆಯೂ ದಾಸೋಹಧರ್ಮವೂ

ಯುದ್ಧದ ವಾರ್ತೆಗಳು ಬರತೊಡಗಿದಾಗ ಸದ್ಭಕ್ತರ ಮನೆಗಳಲ್ಲಿ ಒಂದು ನಡೆಯು ಸಾಮಾನ್ಯವಾಗಿ ಕಂಡುಬರುತ್ತದೆ. ಬೆಳಗಿನ ಲಿಂಗಪೂಜೆ ಮುಗಿಯುವ ಹೊತ್ತಿಗೆ ಮನೆಯ ಹಿರಿಯರು ಲೋಕಕ್ಕೆ ಶಾಂತಿಯಾಗಲೆಂದು ಪ್ರಾರ್ಥಿಸುತ್ತಾರೆ. ಬಳಿಕ ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು, ಪಾದೋದಕ ಪ್ರಸಾದಗಳನ್ನು ಸ್ವೀಕರಿಸಿ, ವೃತ್ತಪತ್ರಿಕೆಯನ್ನು ಕೈಗೆತ್ತಿಕೊಂಡು, ಯಾರ ಸೈನ್ಯವು ಎಲ್ಲಿಯವರೆಗೆ ಮುಂದುವರಿಯಿತು, ಯಾರ ವಿಮಾನಗಳು ಎಷ್ಟು ಉರುಳಿದವು ಎಂಬುದನ್ನು ಬಹಳ ಆಸಕ್ತಿಯಿಂದ ಓದುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ. ಪ್ರಾರ್ಥನೆಯು ಮನಃಪೂರ್ವಕವಾದುದು; ಕುತೂಹಲವೂ ಮನುಷ್ಯನಿಗೆ ಸಹಜವಾದುದು. ಆದರೆ ಪೂಜೆಯ ಹೊತ್ತಿನಲ್ಲಿ ಬೇಡಿದ ಶಾಂತಿಗೂ ಪೂಜೆಯ ಅನಂತರ ಉಳಿಯುವ ಹಗಲಿಗೂ ಇರುವ ಸಂಬಂಧವೇನು? ಬೇಡಿದವನ ಹೊಣೆಯು ಬೇಡುವುದರೊಡನೆಯೇ ತೀರಿತೇ? ಶರಣಧರ್ಮವನ್ನು ಆಚರಿಸುವ ಗೃಹಸ್ಥನು ವಿಚಾರಿಸಿಕೊಳ್ಳಬೇಕಾದ ಪ್ರಶ್ನೆಯಿದು.

ಮೊದಲು ಶಬ್ದಾರ್ಥವನ್ನು ನೋಡಬೇಕು. ಶಾಂತಿಯೆಂಬ ಶಬ್ದವು ಉಪಶಮನಾರ್ಥಕವಾದ 'ಶಮ್' ಧಾತುವಿನಿಂದ ನಿಷ್ಪನ್ನವಾದುದು. ಉರಿಯುತ್ತಿದ್ದುದು ಆರುವುದು, ಕದಡಿದ್ದುದು ತಿಳಿಯಾಗುವುದು, ಅಲೆದಾಡುತ್ತಿದ್ದುದು ನೆಲೆಗೊಳ್ಳುವುದು ಎಂದು ಅದರ ತಾತ್ಪರ್ಯ. ಕರುಣೆಯೆಂಬ ಶಬ್ದವನ್ನಾದರೋ ವೈಯಾಕರಣರು ಉಣಾದಿಸೂತ್ರದ ಬಲದಿಂದ 'ಕೄ' ಎಂಬ ಧಾತುವಿನಿಂದ ಸಾಧಿಸುವರು. ಈ ಧಾತುವಿಗೆ ಚೆಲ್ಲುವುದು, ಹರಡುವುದು ಎಂದರ್ಥ. ಹೀಗೆ ಶಾಂತಿಯು ಒಳಗೆ ನೆಲೆಗೊಳ್ಳುವ ಕ್ರಿಯೆ. ಕರುಣೆಯು ಹೊರಗೆ ಚೆಲ್ಲುವ ಕ್ರಿಯೆ. ನೀರು ತುಂಬದ ಕೊಡದಿಂದ ಎರೆಯುವುದಕ್ಕೇನೂ ಇರುವುದಿಲ್ಲ. ತುಂಬಿದ ಕೊಡವನ್ನು ಮುಚ್ಚಿ ಮೂಲೆಯಲ್ಲಿಟ್ಟರೆ ಬಾಗಿಲಲ್ಲಿ ನಿಂತ ಬಾಯಾರಿದವನಿಗೆ ಅದು ಇದ್ದೂ ಇಲ್ಲದಂತೆ. ಶಾಂತಿಶಬ್ದವನ್ನು ಮೂರು ಸಲ ಉಚ್ಚರಿಸುವ ವಾಡಿಕೆಗೆ ಹಿರಿಯರು ಆಧ್ಯಾತ್ಮಿಕ, ಆಧಿದೈವಿಕ, ಆಧಿಭೌತಿಕಗಳೆಂಬ ತಾಪತ್ರಯದ ಉಪಶಮನವನ್ನು ಕಾರಣವಾಗಿ ಹೇಳುವರಷ್ಟೆ. ಇವುಗಳಲ್ಲಿ ಆಧಿಭೌತಿಕವೆಂದರೆ ಒಂದು ಪ್ರಾಣಿಯಿಂದ ಮತ್ತೊಂದು ಪ್ರಾಣಿಗೆ ಒದಗುವ ತಾಪ. ಯುದ್ಧವು ಈ ಜಾತಿಗೆ ಸೇರಿದ್ದು. ಮನುಷ್ಯನ ಕೈಯಿಂದ ಬಂದ ತಾಪವು ಮನುಷ್ಯನ ಕೈ ಆಡದೆ ಶಮನವಾಗಲೆಂದು ಬಯಸುವುದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪ್ರಾಜ್ಞರು ಯೋಚಿಸಬೇಕು.

ಇಲ್ಲಿ ವೀರಶೈವರ ಪೂಜಾವಿಧಾನದಲ್ಲಿಯೇ ಅಡಗಿರುವ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಇತರ ಸಂಪ್ರದಾಯಗಳಲ್ಲಿ ದೇವರು ಗರ್ಭಗುಡಿಯಲ್ಲಿರುತ್ತಾನೆ; ಭಕ್ತನು ಹೊರಗೆ ನಿಂತು ಕೈಮುಗಿಯುತ್ತಾನೆ. ಲಿಂಗವಂತನಿಗೆ ಪೂಜಾಪೀಠವೆಂದರೆ ಅವನ ಅಂಗೈಯೇ. ಇದಕ್ಕೆ ಕರಸ್ಥಲವೆಂದು ಹೆಸರು. ಗುರುವು ಶಿಷ್ಯನ ಕರಸ್ಥಲಕ್ಕೆ ಲಿಂಗವನ್ನು ಕರುಣಿಸಿದ ಗಳಿಗೆಯಿಂದ ಆ ಕೈಯು ಸಾಮಾನ್ಯವಾದ ಕೈಯಲ್ಲ. ಬೆಳಗ್ಗೆ ಲಿಂಗವು ಮೂರ್ತಗೊಂಡ ಅಂಗೈಯೇ ಹಗಲೆಲ್ಲ ತಕ್ಕಡಿಯನ್ನು ಹಿಡಿಯುತ್ತದೆ, ಕುಂಟೆಯನ್ನು ಹೂಡುತ್ತದೆ, ಹಣವನ್ನು ಎಣಿಸುತ್ತದೆ, ಮಗುವಿನ ತಲೆಯನ್ನು ಸವರುತ್ತದೆ. ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಎತ್ತಿ ಹಿಡಿದುದರ ಮರ್ಮವು ಇಲ್ಲಿದೆ. ಲಿಂಗದ ಬಾಯಿಯು ಜಂಗಮವೆಂದೂ, ಮರಕ್ಕೆ ಉಣಿಸಬೇಕಾದರೆ ಬೇರಿಗೆ ನೀರೆರೆಯಬೇಕಾಗುವಂತೆ ಲಿಂಗಕ್ಕೆ ಅರ್ಪಿಸಬೇಕಾದುದನ್ನು ಜಂಗಮದ ಮುಖದಿಂದಲೇ ಅರ್ಪಿಸಬೇಕೆಂದೂ ಬಸವಣ್ಣನವರು ಬೋಧಿಸಿದುದು ಎಲ್ಲರಿಗೂ ತಿಳಿದ ವಿಷಯ. ಜಂಗಮಶಬ್ದಕ್ಕೆ ವಿರಕ್ತರು, ಗುರುಗಳು ಎಂಬ ರೂಢಾರ್ಥವಿರುವುದು ನಿಜವೇ. ಚಲಿಸುವ ಚೈತನ್ಯವೆಂಬ ಯೌಗಿಕಾರ್ಥವನ್ನು ಬಿಟ್ಟರೆ ಮಾತ್ರ ದಾಸೋಹವು ಮಠದ ಪಂಕ್ತಿಯಲ್ಲಿಯೇ ನಿಂತುಬಿಡುವುದು. ಹಾಗೆ ನಿಲ್ಲಬೇಕೆಂಬುದು ಶರಣರ ಅಭಿಪ್ರಾಯವಾಗಿರಲಿಲ್ಲ.

ಆದರೆ ಇಲ್ಲಿ ಒಂದು ಶಂಕೆ ಏಳುತ್ತದೆ. ಯುದ್ಧವನ್ನು ಹೂಡುವವರು ರಾಜ್ಯವಾಳುವವರು, ನಿಲ್ಲಿಸಬೇಕಾದವರೂ ಅವರೇ. ಜೋಳ ಬೆಳೆಯುವ, ಅಂಗಡಿ ನಡೆಸುವ ಗೃಹಸ್ಥನ ಕೈಯಲ್ಲಿ ಏನಿದೆ? ಪ್ರಾರ್ಥನೆಯಲ್ಲದೆ ಆತನಿಗೆ ಬೇರೆ ಗತಿಯೆಲ್ಲಿ? ಈ ಶಂಕೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಯುದ್ಧವನ್ನು ನಿಲ್ಲಿಸುವ ಶಕ್ತಿಯು ಗೃಹಸ್ಥನಿಗಿಲ್ಲವೆಂಬುದು ದಿಟ. ಆದರೆ ಯುದ್ಧವೆಂಬುದು ಅದರ ಆರಂಭ ಮತ್ತು ಅಂತ್ಯಗಳಷ್ಟೇ ಅಲ್ಲ. ಇವೆರಡರ ನಡುವೆ ಗಾಯವಿದೆ, ಹಸಿವಿದೆ, ಮನೆ ಬಿಟ್ಟು ಓಡುವ ಹೆಂಗಸರು ಮಕ್ಕಳಿದ್ದಾರೆ, ಮಗನ ಕಾಗದ ಬಾರದೆ ಕುಳಿತಿರುವ ತಾಯಿಯಿದ್ದಾಳೆ. ಗೃಹಸ್ಥನ ಕೈಗೆ ಎಟಕುವ ಕ್ಷೇತ್ರವು ಈ ನಡುವಿನದು. ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಶಿವಯೋಗಿ ಸಿದ್ಧರಾಮೇಶ್ವರರ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಒಂದಲ್ಲ ಎರಡು ದೃಷ್ಟಾಂತಗಳು ದೊರೆಯುತ್ತವೆ. ಒಂದು ಹನ್ನೆರಡನೆಯ ಶತಮಾನದ್ದು. ಮತ್ತೊಂದು ಇಪ್ಪತ್ತನೆಯ ಶತಮಾನದ್ದು.

ಸಿದ್ಧರಾಮಯ್ಯನವರ ಚರಿತ್ರೆಯನ್ನು ರಾಘವಾಂಕನ ಕಾವ್ಯದಿಂದಲೂ ಶೂನ್ಯಸಂಪಾದನೆಯಿಂದಲೂ ವಾಚಕರು ಬಲ್ಲರು. ಮುದ್ದುಗೌಡ ಸುಗ್ಗವ್ವೆಯರ ಮಗನಾದ ಈ ಬಾಲಕನು ಹೊಲದಲ್ಲಿ ದನ ಕಾಯುತ್ತಿರುವಾಗ ಜಂಗಮರೂಪದ ಮಲ್ಲಯ್ಯನು ಬಂದು ಹಸಿವೆಂದನು. ಹುಡುಗನು ಮಜ್ಜಿಗೆಯನ್ನ ತರಲು ಮನೆಗೆ ಓಡಿದನು. ತಿರುಗಿ ಬರುವಷ್ಟರಲ್ಲಿ ಮಲ್ಲಯ್ಯನಿರಲಿಲ್ಲ. ಆ ಹಸಿದವನನ್ನು ಹುಡುಕುತ್ತ ಬಾಲಕನು ಶ್ರೀಶೈಲದವರೆಗೆ ಹೋದನು. ಆತನ ಮುಂದಿನ ಬಾಳೆಲ್ಲವೂ ಅಂದು ಉಣಿಸಲಾಗದೆ ಹೋದ ಒಂದು ತುತ್ತಿನ ಹಿಂದೆ ಹೋದಂತೆ ಕಾಣುತ್ತದೆ. ಸೊನ್ನಲಿಗೆಗೆ ಮರಳಿ ಕೆರೆಯನ್ನು ಕಟ್ಟಿಸಿದನು, ದೇಗುಲಗಳನ್ನು ಎತ್ತಿಸಿದನು, ಅನ್ನಛತ್ರವನ್ನಿಟ್ಟನು. ಸಾವಿರಾರು ಜನರು ಆ ಕೆರೆಯ ಕೆಲಸದಲ್ಲಿ ತೊಡಗಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಮಣ್ಣು ಹೊರುವವರ ಒಡೆಯನೆಂದು ಸಿದ್ಧರಾಮನನ್ನು ಹಂಗಿಸಿ ಮಾತನಾಡಿದರು. ಕೆಲಸದವರು ಕಲ್ಲೆಸೆದರು. ಸಿದ್ಧರಾಮನು ಸ್ವತಃ ಬಂದು, ಕೋಪದಿಂದ ಉರಿಗಣ್ಣನ್ನು ತೆರೆದನು. ಆ ಉರಿಯು ಪ್ರಭುಗಳನ್ನು ಏನೂ ಮಾಡಲಿಲ್ಲ, ಊರನ್ನು ಸುಡುವಂತಾಯಿತು.

ಈ ಪ್ರಸಂಗವನ್ನು ಓದುವವರು ಸಾಮಾನ್ಯವಾಗಿ ಪ್ರಭುಗಳ ಮಹಿಮೆಗೆ ಬೆರಗಾಗಿ ಮುಂದೆ ಸಾಗುತ್ತಾರೆ. ನಿಂತು ನೋಡಬೇಕಾದುದು ಸಿದ್ಧರಾಮನ ಕೋಪವನ್ನು. ಆತನು ದುಷ್ಟನಲ್ಲ, ಲೋಭಿಯಲ್ಲ, ಸೋಮಾರಿಯಲ್ಲ. ಆತನಷ್ಟು ಲೋಕೋಪಕಾರ ಮಾಡಿದವರು ಆ ಕಾಲದಲ್ಲಿಯೇ ವಿರಳ. ಬಾಯಾರಿದವರಿಗೆ ನೀರು ಕೊಡಲು ಕೆರೆ ಕಟ್ಟಿಸುತ್ತಿದ್ದ ಮನುಷ್ಯನು ಒಂದು ಬಿರುನುಡಿಗೆ ಬೆಂಕಿಯನ್ನು ಕಾರಿದನು. ಕೆರೆಯ ಕೆಲಸವೆಲ್ಲ ನಡೆದಿತ್ತು. ಅದನ್ನು ಮಾಡುವಾತನ ಒಳಗು ಇನ್ನೂ ತಣಿದಿರಲಿಲ್ಲ. ತಾನು ಮಾಡಿದೆನೆಂಬ ಭಾವವು ಒಳಗಿರುವವರೆಗೆ ಉಪಕಾರಿಯ ಕೈಯಲ್ಲಿಯೂ ಕಿಚ್ಚಿರುತ್ತದೆ. ಪ್ರಭುಗಳು ಆತನನ್ನು ಕಲ್ಯಾಣಕ್ಕೆ ಕರೆದೊಯ್ದರು; ಅಲ್ಲಿ ಚನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯಾಯಿತು. ಇದರಿಂದ ಕೆರೆ ಕಟ್ಟಿದುದು ತಪ್ಪೆಂದು ತಿಳಿಯಲಾಗದು. ಕಲ್ಯಾಣಕ್ಕೆ ಹೋಗುವ ಮುನ್ನ ಪ್ರಭುಗಳು ಕೆರೆಯ ಏರಿಯನ್ನು ಒಡೆಸಲಿಲ್ಲ. ಆ ಕೆರೆಯೂ ಅದರ ನಡುವಣ ಸಿದ್ಧೇಶ್ವರ ದೇವಾಲಯವೂ ಸೊಲ್ಲಾಪುರದಲ್ಲಿ ಇಂದಿಗೂ ಇವೆ. ಸಂಕ್ರಾಂತಿಯ ಜಾತ್ರೆಗೆ ನಂದೀಧ್ವಜಗಳನ್ನು ಹೊತ್ತು ಬರುವ ಭಕ್ತರು ಅದೇ ನೀರಿನ ದಡದಲ್ಲಿ ಸೇರುತ್ತಾರೆ. ಕೆಲಸವು ಉಳಿಯಿತು, ಕರ್ತೃತ್ವಭಾವ ಹೋಯಿತು. ಪೂಜೆಯ ಪ್ರಯೋಜನವೇನೆಂದು ಕೇಳುವ ಕರ್ಮಶೀಲರಿಗೆ ಇಲ್ಲಿ ಉತ್ತರವಿದೆ.

ಇನ್ನು ಅದೇ ಊರಿನ ಎರಡನೆಯ ದೃಷ್ಟಾಂತ. 1910ನೆಯ ಇಸವಿ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು ಜನಿಸಿದರು. ಇವರು ವೀರಶೈವ ಮನೆತನದವರಲ್ಲ. ಇವರನ್ನು ಶರಣಸಂಪ್ರದಾಯದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂಬ ಹವಣಿಕೆಯೂ ಇಲ್ಲಿಲ್ಲ. ಒಳ್ಳೆಯವರನ್ನೆಲ್ಲ ತಮ್ಮವರೆಂದು ಬರೆದುಕೊಳ್ಳುವ ಚಾಪಲ್ಯವು ಈಚೆಗೆ ಎಲ್ಲ ಮತದವರಲ್ಲಿಯೂ ಬೆಳೆದಿದೆ. ಮುಂಬಯಿಯಲ್ಲಿ ವೈದ್ಯವಿದ್ಯೆಯನ್ನು ಕಲಿತ ಈ ತರುಣರು ಮುಂದಿನ ವ್ಯಾಸಂಗದ ಸಿದ್ಧತೆಯಲ್ಲಿದ್ದರು. ಆಗ ಜಪಾನು ಚೀನಾದೇಶದ ಮೇಲೆ ಬಿದ್ದು ಒಂದು ವರ್ಷವಾಗಿತ್ತು. 1937ರ ಜುಲೈ ತಿಂಗಳಲ್ಲಿ ಹತ್ತಿದ ಆ ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಮಾಡುವ ವೈದ್ಯರ ಕೊರತೆಯು ಹೇಳತೀರದಷ್ಟಿತ್ತು. ಚೀನಾದ ಸೇನಾನಿ ಝು ದೆ ಅವರು ವೈದ್ಯರನ್ನು ಕಳುಹಿಸಿಕೊಡಬೇಕೆಂದು ಜವಾಹರಲಾಲ ನೆಹರೂ ಅವರನ್ನು ಬೇಡಿಕೊಂಡರು. ಭಾರತವು ಆಗ ತಾನೇ ಪರರ ಅಧೀನದಲ್ಲಿತ್ತು. ಕಳುಹಿಸಲು ಸೈನ್ಯವಿರಲಿಲ್ಲ, ಸರಕಾರವೂ ತನ್ನದಾಗಿರಲಿಲ್ಲ. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನರನ್ನು ಕೇಳಿಕೊಂಡರು. 1938ರ ಜುಲೈ ತಿಂಗಳಲ್ಲಿ ಚೀನಾದಿನವನ್ನು ಆಚರಿಸಿ ಹಣ ಕೂಡಿಸಲಾಯಿತು. ಕೂಡಿದ ಮೊತ್ತ ಸುಮಾರು 22,000 ರೂಪಾಯಿ. ಐವರು ವೈದ್ಯರು ಸಿದ್ಧರಾದರು: ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನೀಸ. ಸೆಪ್ಟೆಂಬರ್ ತಿಂಗಳಲ್ಲಿ ಹಡಗು ಹೊರಟಿತು. ಕೋಟ್ನೀಸರಿಗೆ ಆಗ ಇನ್ನೂ 28 ವರ್ಷ ತುಂಬಿರಲಿಲ್ಲ.

ಚೀನಾದೇಶವನ್ನು ಸೇರಿದ ಕೆಲವು ತಿಂಗಳುಗಳಲ್ಲಿಯೇ ತಂದೆಯವರು ತೀರಿಕೊಂಡರೆಂಬ ಸುದ್ದಿ ಅವರಿಗೆ ಬಂದಿತು. ಜೊತೆಯವರು ಊರಿಗೆ ಮರಳಬೇಕೆಂದು ಹೇಳಿದರು. ಅವರು ಮರಳಲಿಲ್ಲ, 1939ರ ಫೆಬ್ರವರಿಯಲ್ಲಿ ಉಳಿದವರೊಡನೆ ಯೆನಾನ್ ಎಂಬಲ್ಲಿಗೆ ಹೋದರು. ಅಲ್ಲಿಂದ ವುತೈ ಪರ್ವತಗಳ ಸೀಮೆಗೆ, ಯುದ್ಧದ ಮುಂಚೂಣಿಯ ಹಿಂದಕ್ಕೆ ನಡೆದರು. ಅಲ್ಲಿ ಆಸ್ಪತ್ರೆಯೆಂದರೆ ರೈತರ ಮಣ್ಣಿನ ಮನೆ, ಶಸ್ತ್ರಕ್ರಿಯೆಯ ಮೇಜೆಂದರೆ ಕದದ ಹಲಗೆ. 1940ರ ಒಂದು ದೊಡ್ಡ ಕಾಳಗದಲ್ಲಿ ಗಾಯಾಳುಗಳು ಎಡೆಬಿಡದೆ ಬರುತ್ತಿದ್ದಾಗ ಅವರು 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಕ್ರಿಯೆ ನಡೆಸಿದುದು ಪ್ರಸಿದ್ಧವಾಗಿದೆ. ಆ ನಾಡಿನ ಭಾಷೆಯನ್ನು ಕಲಿತರು. ಆ ಭಾಷೆಯಲ್ಲಿಯೇ ಅಲ್ಲಿನ ತರುಣರಿಗೆ ವೈದ್ಯವನ್ನು ಕಲಿಸಿದರು. ಕೆನಡಾದೇಶದಿಂದ ಬಂದು ಇದೇ ಸೇವೆಯಲ್ಲಿದ್ದ ಶಸ್ತ್ರವೈದ್ಯ ನಾರ್ಮನ್ ಬೆಥ್ಯೂನರು ಶಸ್ತ್ರಕ್ರಿಯೆಯ ಕಾಲದಲ್ಲಿ ಬೆರಳಿಗಾದ ಗಾಯವು ನಂಜೇರಿ 1939ರ ನವಂಬರಿನಲ್ಲಿ ಮಡಿದಿದ್ದರು. ಅವರ ಹೆಸರಿನ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರು ಮುಖ್ಯಸ್ಥರಾದರು. ಕಾಳಗದ ಮಗ್ಗುಲಲ್ಲಿದ್ದ ಆಸ್ಪತ್ರೆಗೆ ಶಾಂತಿಯೆಂಬ ಹೆಸರು! ಬಂದೂಕಿನ ಸದ್ದು ಕೇಳುವಲ್ಲಿ ಆ ಶಬ್ದವನ್ನು ಬಾಗಿಲ ಮೇಲೆ ಬರೆದು, ಅದರ ಕೆಳಗೆ ಗಾಯ ತೊಳೆದರು.

ಅಲ್ಲಿಯ ಪರಿಚಾರಿಕೆ ಗುವೊ ಚಿಂಗ್‌ಲಾನ್ ಎಂಬಾಕೆಯನ್ನು ಅವರು 1941ರಲ್ಲಿ ವಿವಾಹವಾದರು. 1942ರ ಆಗಸ್ಟಿನಲ್ಲಿ ಗಂಡುಮಗು ಹುಟ್ಟಿತು. ಭಾರತ, ಚೀನಾ ಎರಡು ದೇಶಗಳ ಹೆಸರುಗಳನ್ನೂ ಕೂಡಿಸಿ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಅದೇ ವರ್ಷ ಡಿಸೆಂಬರ್ 9ರಂದು, ಅತಿಶ್ರಮದಿಂದ ಜರ್ಝರಿತವಾಗಿದ್ದ ದೇಹವು ಅಪಸ್ಮಾರದ ಹೊಡೆತವನ್ನು ತಾಳಲಾರದೆ, ಕೋಟ್ನೀಸರು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೋದ ಐವರಲ್ಲಿ ನಾಲ್ವರು ತಿರುಗಿ ಬಂದರು. ಅವರ ಕಥೆಯನ್ನು ಶಾಂತಾರಾಮರು 1946ರಲ್ಲಿ ಚಲನಚಿತ್ರವಾಗಿ ತೆಗೆದುದರಿಂದ ಹೆಸರು ದೇಶದಲ್ಲೆಲ್ಲ ಹಬ್ಬಿತು; ಸೊಲ್ಲಾಪುರದ ಅವರ ಮನೆಯು ಈಗ ಸ್ಮಾರಕವಾಗಿದೆ.

ಈ ವೃತ್ತಾಂತವನ್ನು ಕೇಳಿದ ಯುಕ್ತಿವಾದಿಯು ಸುಮ್ಮನಿರಲಾರನು. ಕೋಟ್ನೀಸರು 1942ರಲ್ಲಿ ಚೀನಾದ ಸಾಮ್ಯವಾದಿ ಪಕ್ಷವನ್ನು ಸೇರಿದವರು; ಪೂಜೆ ಪುನಸ್ಕಾರಗಳಿಂದ ಹೊರಟವರಲ್ಲ. ಪೂಜೆಯಿಲ್ಲದೆ ಇಂಥ ದಯೆಯು ಸಾಧ್ಯವಾಗುವುದಾದರೆ ಪ್ರಾರ್ಥನೆಯ ಅವಶ್ಯಕತೆಯೇನು ಎಂದು ಆತನು ಕೇಳುವನು. ಇದಕ್ಕೆ ಸಮಾಧಾನವನ್ನು ಎರಡು ಬಗೆಯಾಗಿ ಹೇಳಬೇಕು. ಮೊದಲನೆಯದಾಗಿ, ಸೇವೆ ಮಾಡಿದವನ ಬಾಯಲ್ಲಿ ಮಂತ್ರವಿತ್ತೇ ಎಂದು ಪರೀಕ್ಷಿಸುವ ಅಧಿಕಾರವು ಮಂತ್ರವಿದ್ದೂ ಸೇವೆ ಮಾಡದವರಿಗೆ ಇಲ್ಲ. ಶರಣರು ಜಾತಿ ಗೋತ್ರಗಳನ್ನು ಕೇಳದೆ ನಡೆಯನ್ನು ನೋಡಿದರು. ಎರಡನೆಯದಾಗಿ, ಪ್ರಾರ್ಥನೆಯು ಬೇಕಾಗುವುದು ಗಾಯದ ಮುಂದೆ ನಿಂತವನಿಗಿಂತಲೂ ಗಾಯದಿಂದ ದೂರದಲ್ಲಿರುವವನಿಗೆ. ರಕ್ತವು ಕಣ್ಣೆದುರಿಗೆ ಹರಿಯುತ್ತಿರುವಾಗ ವೈದ್ಯನ ಕೈಯು ತಾನಾಗಿಯೇ ಮುಂದಾಗುತ್ತದೆ. ಸಾವಿರ ಹರದಾರಿ ಆಚೆ ಕುಳಿತು ದಿನವೂ ಸತ್ತವರ ಸಂಖ್ಯೆಯನ್ನು ಓದುವವನ ಮನಸ್ಸಾದರೋ ಹತ್ತು ದಿನಗಳಲ್ಲಿ ಜಡ್ಡುಗಟ್ಟುತ್ತದೆ. ನೂರು ಎಂದು ಓದಿದಾಗ ಮರುಗಿದವನು ಸಾವಿರ ಎಂದು ಓದಿದಾಗ ಪುಟವನ್ನು ತಿರುವುತ್ತಾನೆ. ಪ್ರತಿದಿನವೂ ನಿಯತಕಾಲದಲ್ಲಿ ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನಿಟ್ಟು, ಕಾಣದ ಆ ಜನರ ದುಃಖವನ್ನು ಎದೆಯಲ್ಲಿ ತಂದುಕೊಳ್ಳುವ ಅಭ್ಯಾಸವು ಈ ಜಡತ್ವಕ್ಕೆ ಮದ್ದು. ದೇವರಿಗೆ ತಿಳಿಯದ ಸಂಗತಿಯನ್ನು ತಿಳಿಸುವುದು ಪ್ರಾರ್ಥನೆಯಲ್ಲ. ತನಗೆ ಮರೆತುಹೋಗುವುದನ್ನು ಮರೆಯದಂತೆ ಇರಿಸಿಕೊಳ್ಳುವುದು.

ಪ್ರಾರ್ಥನೆಗೆ ಇನ್ನೊಂದು ಕೆಲಸವೂ ಉಂಟು. ಸೇವೆಯು ಪಕ್ಷಪಾತದಲ್ಲಿ ಮುಗ್ಗರಿಸದಂತೆ ಅದು ಕಾಯುತ್ತದೆ. ತನ್ನವರ ಗಾಯಕ್ಕೆ ಮರುಗುವುದು ಪಶುಪಕ್ಷಿಗಳಿಗೂ ಸಹಜ. ವೈರಿಯ ಗಾಯವನ್ನು ತೊಳೆಯುವುದಕ್ಕೆ ಮನಸ್ಸು ಬೇರೆಯೇ ಪಾಕವಾಗಿರಬೇಕು. ಇಟಲಿಯಲ್ಲಿ 1859ರ ಜೂನ್ 24ರಂದು ಸೊಲ್ಫೆರಿನೊ ಎಂಬಲ್ಲಿ ಫ್ರೆಂಚ್ ಮತ್ತು ಸಾರ್ಡೀನಿಯಾದ ಸೈನ್ಯಗಳಿಗೂ ಆಸ್ಟ್ರಿಯದ ಸೈನ್ಯಕ್ಕೂ ಒಂದೇ ಹಗಲಿನ ಘೋರ ಕಾಳಗವಾಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಕೂಡಿ ಸುಮಾರು 40,000. ಸಮೀಪದ ಕಾಸ್ತಿಲ್ಯೋನೆ ಎಂಬ ಊರಿನ ಚರ್ಚುಗಳಲ್ಲಿಯೂ ಮನೆಗಳಲ್ಲಿಯೂ ಗಾಯಾಳುಗಳು ತುಂಬಿದರು. ವ್ಯಾಪಾರದ ಕಾರ್ಯಕ್ಕಾಗಿ ಅತ್ತ ಬಂದಿದ್ದ ಜಿನೀವಾದ ಹೆನ್ರಿ ಡ್ಯೂನಾಂಟನು ತನ್ನ ಕಾರ್ಯವನ್ನು ಮರೆತು ನೀರು ಕೊಡುವುದಕ್ಕೂ ಪಟ್ಟಿ ಕಟ್ಟುವುದಕ್ಕೂ ನಿಂತನು. ಆ ಊರಿನ ಹೆಂಗಸರು ಇವನು ನಮ್ಮ ಪಕ್ಷದವನು, ಇವನು ಶತ್ರುವೆಂದು ನೋಡದೆ ಎಲ್ಲರನ್ನೂ ಸೋದರರೆಂದೇ ಬಗೆದು ಉಪಚರಿಸಿದರು. ಡ್ಯೂನಾಂಟನು 1862ರಲ್ಲಿ ಅದನ್ನು ಪುಸ್ತಕವಾಗಿ ಬರೆದನು. ಮರುವರ್ಷ ರೆಡ್‌ಕ್ರಾಸ್ ಸಂಸ್ಥೆಯ ಮೂಲವಾದ ಸಮಿತಿಯೂ 1864ರಲ್ಲಿ ಗಾಯಾಳುಗಳ ರಕ್ಷಣೆಗಾಗಿ ಜಿನೀವಾ ಒಪ್ಪಂದವೂ ಹುಟ್ಟಿದವು. ಆ ಹೆಂಗಸರ ಹೆಸರುಗಳು ಲೋಕಕ್ಕೆ ತಿಳಿಯವು. ಅವರು ಮಾಡಿದುದನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಭೃತ್ಯಾಚಾರವೆನ್ನಬೇಕು. ಪಂಚಾಚಾರಗಳಲ್ಲಿ ಗಣಾಚಾರವು ಅನ್ಯಾಯವನ್ನು ಸಹಿಸದೆ ಎದ್ದು ನಿಲ್ಲುವುದನ್ನು ಕಲಿಸಿದರೆ, ಭೃತ್ಯಾಚಾರವು ತಾನು ಎಲ್ಲರಿಗೂ ಕಿಂಕರನೆಂದು ಬಾಗುವುದನ್ನು ಕಲಿಸುತ್ತದೆ. ದೇಶದ ಗಡಿಯನ್ನು ಕಾಯುವ ಯೋಧನಿಗೆ ಮೊದಲನೆಯದು ಬೇಕು. ಆದರೆ ಆಯುಧವನ್ನು ಕೆಳಗಿಟ್ಟು ಬಿದ್ದವನ ಬಳಿಯಲ್ಲಿ ಮೊದಲನೆಯದೊಂದನ್ನೇ ಹಿಡಿದು ನಿಂತರೆ ಅದು ಆಚಾರವಾಗದು.

ಕೋಟ್ನೀಸರ ವಿಷಯದಲ್ಲಿ ಇನ್ನೂ ಕಠಿಣವಾದ ಪ್ರಶ್ನೆಯೊಂದು ಉಳಿದಿದೆ. ಅವರು ಪ್ರಾಣವನ್ನು ಸವೆಸಿದ ಆ ದೇಶದ ಸೈನ್ಯವೇ ಇಪ್ಪತ್ತು ವರ್ಷಗಳ ಬಳಿಕ, 1962ರ ಅಕ್ಟೋಬರಿನಲ್ಲಿ, ಹಿಮಾಲಯವನ್ನು ದಾಟಿ ಭಾರತದ ಮೇಲೆ ಬಂದಿತು. ಹಾಗಾದರೆ ಆ ಸೇವೆಯು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಗಲಿಲ್ಲವೇ? ಮಗನನ್ನು ಗಡಿಯಲ್ಲಿ ಕಳೆದುಕೊಂಡ ಮನೆಯವರು ಹೀಗೆ ಕೇಳಿದರೆ ಅವರಿಗೆ ವೇದಾಂತವನ್ನು ಹೇಳಹೋಗುವುದು ಕ್ರೌರ್ಯ. ಆದರೆ ಸ್ವಸ್ಥಚಿತ್ತದಿಂದ ವಿಚಾರಿಸುವವರು ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಇಲ್ಲಿ ನೆನೆಯಬೇಕು. ದಾನದಲ್ಲಿ ಕೊಟ್ಟವನಿದ್ದಾನೆ, ಕೊಂಡವನಿದ್ದಾನೆ, ಪುಣ್ಯವೆಂಬ ಬಾಕಿಯಿದೆ. ದಾಸೋಹದಲ್ಲಿ ಬಾಕಿಯಿಲ್ಲ; ಶಿವನದನ್ನು ಶಿವನಿಗೆ ಸಲ್ಲಿಸಿದವನು ರಸೀತಿಯನ್ನು ಕೇಳುವಂತಿಲ್ಲ. ಹಲಗೆಯ ಮೇಲೆ ಮಲಗಿದ್ದ ಗಾಯಾಳುವು ಇನ್ನಿಪ್ಪತ್ತು ವರ್ಷಕ್ಕೆ ತನ್ನ ದೇಶವು ಏನು ಮಾಡುವುದೆಂದು ಬರೆದುಕೊಟ್ಟಿರಲಿಲ್ಲ, ಕೋಟ್ನೀಸರೂ ಬರೆಸಿಕೊಳ್ಳಲಿಲ್ಲ. ಆದರೂ ಫಲವೇ ಇಲ್ಲವೆಂದೂ ಹೇಳಲಾಗದು. ಎರಡು ರಾಜ್ಯಗಳು ಒಂದನ್ನೊಂದು ಸಂಶಯದಿಂದ ನೋಡುತ್ತಿದ್ದ ಕಾಲದಲ್ಲಿಯೂ ಶಿಜಿಯಾಜುವಾಂಗ್ ನಗರದಲ್ಲಿ ಆ ಸೊಲ್ಲಾಪುರದ ವೈದ್ಯರ ಸಮಾಧಿ ಉಳಿಯಿತು. ಭಾರತಕ್ಕೆ ಬಂದ ಅಲ್ಲಿನ ನಾಯಕರು ಕೋಟ್ನೀಸರ ಬಂಧುಗಳನ್ನು ಕಂಡು ಹೋಗುವ ವಾಡಿಕೆಯೂ ಬೆಳೆಯಿತು. ಒಪ್ಪಂದದ ಕಾಗದಗಳು ಹರಿದುಹೋದಾಗಲೂ ಹರಿಯದೆ ಉಳಿದ ನೂಲು ಇದೊಂದೇ ಎಂದರೂ ಸಲ್ಲುವುದು.

ದೂರದೇಶದ ಮಾತು ಇಷ್ಟಾಯಿತು. ಯುದ್ಧದ ದುಃಖವು ಕನ್ನಡನಾಡಿನ ಬಾಗಿಲಿಗೂ ನಡೆದುಬಂದಿದೆ. 1959ರಲ್ಲಿ ತಮ್ಮ ದೇಶವನ್ನು ಬಿಟ್ಟು ಹೊರಟ ಟಿಬೇಟಿಯನ್ನರಿಗೆ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲವನ್ನು ಕೊಟ್ಟಿತು. 1966ರಿಂದ ಮುಂಡಗೋಡದಲ್ಲಿಯೂ ಅವರ ವಸತಿಗಳಾದವು. ಕಾಡು ಕಡಿದು, ಕಾಣದ ಸೆಕೆಯಲ್ಲಿ ಬೆಂದು, ಮೆಕ್ಕೆಜೋಳ ಬೆಳೆಯುವುದನ್ನು ಅವರು ಕಲಿತರು. ಮುಂಡಗೋಡವಿರುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ. ಉಳವಿಯೂ ಅದೇ ಜಿಲ್ಲೆಯಲ್ಲಿದೆ ಎಂಬುದನ್ನು ಭಕ್ತರಿಗೆ ನೆನಪಿಸಬೇಕಾಗಿಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯಾದ ಮೇಲೆ ಸೈನ್ಯವು ಬೆನ್ನಟ್ಟುತ್ತಿರಲು, ವಚನಗಳ ಕಟ್ಟುಗಳನ್ನು ಹೊತ್ತು, ಚನ್ನಬಸವಣ್ಣನವರನ್ನು ಮುಂದಿಟ್ಟುಕೊಂಡು ಶರಣರು ಬಂದು ಸೇರಿದ ಕಾಡು ಅದು. ದಾರಿಯಲ್ಲಿ ಎಷ್ಟೋ ಮಂದಿ ಮಡಿದರು. ಆ ಹಾದಿಯ ಹಳ್ಳಿಗಳಲ್ಲಿ ಯಾವಳೋ ಒಬ್ಬ ತಾಯಿಯು ಕದ ತೆರೆದು ಅಂಬಲಿ ಕೊಡದಿದ್ದರೆ, ಇಂದು ನಾವು ಓದುವ ಎಷ್ಟು ವಚನಗಳು ಉಳಿಯುತ್ತಿದ್ದವು? ಇಲ್ಲಿ ಒಂದು ಶಬ್ದದ ಸೊಗಸನ್ನೂ ಹೇಳಬೇಕು. ಲಿಂಗವಂತರು ಎದುರಾದಾಗ ಶರಣು ಶರಣಾರ್ಥಿಯೆಂದು ವಂದಿಸುವರು. ಸಂಸ್ಕೃತದಲ್ಲಿ ಶರಣವೆಂದರೆ ಆಶ್ರಯ, ಮನೆ. ಶರಣಾರ್ಥಿಯೆಂದರೆ ಆಶ್ರಯವನ್ನು ಬೇಡುವವನು. ಉತ್ತರದೇಶದಲ್ಲಿ 1947ರ ವಿಭಜನೆಯ ಕಾಲದಿಂದ ಮನೆಮಠ ಕಳೆದುಕೊಂಡು ಬಂದವರಿಗೆ ಇದೇ ಹೆಸರು ರೂಢವಾಗಿದೆ. ಹೀಗಿರುವಾಗ ದಿನವೂ ಆ ಶಬ್ದದಿಂದ ವಂದಿಸುವವರು, ಆ ಹೆಸರಿನವರು ಊರಿಗೆ ಬಂದಾಗ ಬಾಗಿಲು ಹಾಕಿಕೊಂಡರೆ ವ್ಯಾಕರಣಕ್ಕೂ ನಾಚಿಕೆಯಾಗಬೇಕು.

ಕಡೆಯದಾಗಿ, ಗೃಹಸ್ಥನು ಕೊಡತಕ್ಕದ್ದೇನು, ಎಂಥದನ್ನು ಕೊಡತಕ್ಕದ್ದು ಎಂಬ ವಿಚಾರ. ಚೀನಾದೇಶಕ್ಕೆ ಹೋದವರು ಐವರು. ಹೋಗಲಾಗದೆ ಮನೆಯಲ್ಲಿದ್ದು ಆ 22,000 ರೂಪಾಯಿಗಳನ್ನು ಕೂಡಿಸಿದವರು ಅಸಂಖ್ಯಾತ ಜನ. ಗೃಹಸ್ಥನ ಸ್ಥಾನವು ಬಹುಮಟ್ಟಿಗೆ ಈ ಎರಡನೆಯ ಸಾಲಿನಲ್ಲಿ. ಆದರೆ ಕೊಡುವ ದ್ರವ್ಯವು ಶುದ್ಧವಾಗಿರಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಲೆಯ ಮೇಲಿಡಲಿಲ್ಲ; ಇದು ಆಸೆಯ ಅಕ್ಕಿಯೆಂದು, ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳುಹಿಸಿದಳು. ಹೆಚ್ಚಾದ ಅಕ್ಕಿಯನ್ನೂ ಜಂಗಮಕ್ಕೆ ನೀಡಬಹುದಿತ್ತಲ್ಲ ಎಂದು ಲೌಕಿಕರು ಹೇಳಿಯಾರು. ಲಕ್ಕಮ್ಮನಿಗೆ ಹಾಗೆ ತೋರಲಿಲ್ಲ. ಯುದ್ಧಕಾಲದ ವರ್ತಕರು ಈ ಕಥೆಯನ್ನು ಎರಡು ಸಲ ಓದುವುದು ಒಳ್ಳೆಯದು. 1943ರಲ್ಲಿ ಯುದ್ಧದ ನಡುವೆ ಬಂಗಾಳದಲ್ಲಿ ಲಕ್ಷಾಂತರ ಜನರು ಹಸಿವಿನಿಂದ ಸತ್ತಾಗ ಅಕ್ಕಿಯ ವ್ಯಾಪಾರದಲ್ಲಿ ಅಪಾರ ಲಾಭ ಮಾಡಿಕೊಂಡವರಿದ್ದರೆಂದು 1945ರ ವಿಚಾರಣಾ ಆಯೋಗವು ಬರೆದಿದೆ. ಅಂಥ ಲಾಭದಲ್ಲಿ ಒಂದು ಪಾಲನ್ನು ಗಂಜಿಕೇಂದ್ರಕ್ಕೆ ಕೊಟ್ಟು, ಸಂಜೆ ಶಾಂತಿಗಾಗಿ ಭಜನೆ ಮಾಡಿಸಿದರೆ ಲಕ್ಕಮ್ಮನು ಆ ಪಾಲನ್ನು ಒಳಗೆ ತೆಗೆದುಕೊಳ್ಳುತ್ತಿದ್ದಳೇ?

ಆದುದರಿಂದ ಆಚರಣೆಯನ್ನು ಸಣ್ಣದಾಗಿಯೇ ಆರಂಭಿಸುವುದು ಲೇಸು. ಮಠಗಳ ಭಕ್ತರಿಗೆ ಮುಷ್ಟಿಧಾನ್ಯದ ಪದ್ಧತಿ ಹೊಸದಲ್ಲ. ಲೋಕದಲ್ಲಿ ಎಲ್ಲಿಯೇ ಯುದ್ಧವಾಗುತ್ತಿರಲಿ, ಬೆಳಗಿನ ಪೂಜೆಯಲ್ಲಿ ಶಾಂತಿಯನ್ನು ಪ್ರಾರ್ಥಿಸಿದ ಗೃಹಸ್ಥನು ಅದೇ ಕೈಯಿಂದ ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಬೇರೆಯ ಗಡಿಗೆಯಲ್ಲಿ ಹಾಕಬೇಕು. ಗಡಿಗೆಯು ಮನೆಯ ಮಕ್ಕಳಿಗೂ ಕಾಣುವಲ್ಲಿರಲಿ. ಏಕೆಂದು ಅವರು ಕೇಳುತ್ತಾರೆ, ಹೇಳಬೇಕಾಗುತ್ತದೆ. ತುಂಬಿದಾಗ ಅದರ ಬೆಲೆಯನ್ನು ರೆಡ್‌ಕ್ರಾಸಿನಂಥ ಸಂಸ್ಥೆಗೆ ಕಳುಹಿಸಬಹುದು. ಊರಲ್ಲಿ ಆಶ್ರಯಕ್ಕೆ ಬಂದವರಿದ್ದರೆ ಅವರಿಗೆ ಕೊಡಬಹುದು. ಬೆಳಗಾವಿ, ವಿಜಾಪುರ, ಧಾರವಾಡದ ಸೀಮೆಗಳಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳಿಗೆ ಕೊರತೆಯಿಲ್ಲ. ಮಗನನ್ನು ಕಳೆದುಕೊಂಡ ಮನೆಗೆ ಮೊದಲ ತಿಂಗಳು ಎಲ್ಲರೂ ಹೋಗುತ್ತಾರೆ, ಹಾರ ಹಾಕುತ್ತಾರೆ. ಮೂರನೆಯ ವರ್ಷ ಆ ಮುದುಕಿಯ ಹೊಲವನ್ನು ಬಿತ್ತಿದವರು ಯಾರೆಂದು ಕೇಳುವವರಿಲ್ಲ. ಅಲ್ಲಿಗೆ ಹೋಗುವಾಗ ಆಳನ್ನು ಕಳುಹಿಸದೆ ತಾನೇ ಹೋಗತಕ್ಕದ್ದು. ಮಾತನಾಡಲು ತಿಳಿಯದಿದ್ದರೆ ಸ್ವಲ್ಪ ಹೊತ್ತು ಜಗುಲಿಯ ಮೇಲೆ ಸುಮ್ಮನೆ ಕುಳಿತು, ಆಕೆ ಕೊಟ್ಟ ನೀರನ್ನು ಕುಡಿದು ಬಂದರೂ ಸಾಕು. ಮರುದಿನದ ಪ್ರಾರ್ಥನೆಯಲ್ಲಿ ಲೋಕವೆಂಬ ದೊಡ್ಡ ಶಬ್ದದ ಜೊತೆಗೆ ಆಕೆಯ ಮುಖವೂ ಬರುವುದು. ಎದುರುಪಕ್ಷದ ನಾಡಿನಲ್ಲಿ ಅಂಥದೇ ಜಗುಲಿಯಲ್ಲಿ ಕುಳಿತ ಇನ್ನೊಬ್ಬಳ ಮುಖವನ್ನೂ ಆಗ ಊಹಿಸಿಕೊಳ್ಳುವುದು ಅಷ್ಟು ಕಷ್ಟವಾಗದು.

ಒಟ್ಟಿನಲ್ಲಿ ಕ್ರಮವು ಇಷ್ಟು: ಮೊದಲು ಪೂಜೆ, ಪೂಜೆಯ ಕೊನೆಯಲ್ಲಿ ಪ್ರಾರ್ಥನೆ, ಲಿಂಗವನ್ನು ಧರಿಸಿ ಏಳುವಾಗ ಗಡಿಗೆಗೆ ಒಂದು ಹಿಡಿ ಧಾನ್ಯ. ವೃತ್ತಪತ್ರಿಕೆಯನ್ನು ಅದಾದ ಮೇಲೆ ಓದಬಹುದು.